ನಾಟಕಮಂದಿರದ ಮೇಲೆ ಎಂಟು ತಕರಾರು

ಪ್ರವಾಸಿಗಳು ಬರುವಂತಿಲ್ಲದ ವರ್ಷದಲ್ಲಿ ನಮ್ಮನ್ನು ಪ್ರವಾಸಿಗಳಾಗಿ ಬನ್ನಿ ಎಂದು ಕರೆದರು. ಸೋಂಕಿನ ಮೊದಲ ವರ್ಷದ ನವೆಂಬರ್ ಅದು. ಜಪಾನಿನ ಬಾಗಿಲು ಹೊರಗಿನವರಿಗೆ ಮುಚ್ಚಿತ್ತು. ಆದರೆ ದಕ್ಷಿಣದ ಕ್ಯೂಶೂ ದ್ವೀಪದ ಒಂದು ಪುಟ್ಟ ಊರಿನ ನಗರಸಭೆಗೆ, ಬಾಗಿಲು ತೆರೆದ ದಿನ ವಿದೇಶಿಯರ ಕೈಗಿಡಲು ಹೊಸ ನಕ್ಷೆಯೊಂದು ಬೇಕಾಗಿತ್ತು. ನಕ್ಷೆಯಲ್ಲಿ ಯಾವ ಯಾವ ಜಾಗ ಇರಬೇಕೆಂದು ವಿದೇಶಿಯರನ್ನೇ ಕೇಳಬೇಕು. ವಿದೇಶಿಯರು ಇಲ್ಲ. ಆದ್ದರಿಂದ ದೇಶದೊಳಗೇ ಸಿಕ್ಕಿಹಾಕಿಕೊಂಡಿರುವ ವಿದೇಶಿಯರನ್ನು ಒಂದು ದಿನದ ಮಟ್ಟಿಗೆ ಕರೆಸಿಕೊಳ್ಳುವುದು. ಇದಕ್ಕೆ ಅಲ್ಲಿ ಮಾನಿಟರ್ ಟೂರ್ ಎನ್ನುತ್ತಾರೆ. ಪುಕ್ಕಟೆ ತಿರುಗಾಡಿಸುತ್ತಾರೆ, ಪುಕ್ಕಟೆ ಊಟ ಹಾಕುತ್ತಾರೆ, ಕೊನೆಗೆ ಒಂದು ಪ್ರಶ್ನಾವಳಿ ಕೈಗಿತ್ತು ಹೇಗಿತ್ತು ಎಂದು ಕೇಳುತ್ತಾರೆ.

ನಾನು ಆಗ ಫುಕುವೋಕಾದ ಒಂದು ಸಣ್ಣ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ, ಅದೂ ಮನೆಯಲ್ಲೇ ಕೂತು. ಎಂಟು ತಿಂಗಳಿಂದ ನನಗೆ ವಾದಕ್ಕೆ ಸರಿಸಮನಾಗಿ ನಿಲ್ಲುವವರು ಯಾರೂ ಸಿಕ್ಕಿರಲಿಲ್ಲ. ಇದು ಸಣ್ಣ ಕಷ್ಟವಲ್ಲ. ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ನಾನು ನಿಜವಾಗಿ ಓದಿದ್ದು ಚರ್ಚಾಸ್ಪರ್ಧೆಯನ್ನು; ಎಂಜಿನಿಯರಿಂಗು ಪಕ್ಕದ ಕೋಣೆಯಲ್ಲಿ ತನ್ನಷ್ಟಕ್ಕೆ ನಡೆಯುತ್ತಿತ್ತು. ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಎದುರಾಳಿಯ ಮಾತಿನಲ್ಲಿ ಹುರುಳಿಲ್ಲದಿದ್ದರೆ ಚೆನ್ನಾಗಿದೆ ಎಂದು ನಕ್ಕು ಕೂತುಬಿಡಿ; ಹುರುಳಿದ್ದರೆ ಮಾತ್ರ ಎದ್ದು ನಿಂತು ಒಂದೊಂದೇ ಎಳೆ ಬಿಡಿಸಿ, ವಿರೋಧಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನಾನು ಈ ಮಾತನ್ನು ಪೂರ್ತಿ ನಂಬಿದ್ದೆ. ಈಗಲೂ ಮುಕ್ಕಾಲು ಭಾಗ ನಂಬುತ್ತೇನೆ.

ಪ್ರವಾಸದ ಸುದ್ದಿ ತಂದವರು ಮೇಲಿನ ಮಹಡಿಯ ಅಕ್ಕ. ಬೆಂಗಳೂರಿನವರು, ಗಂಡ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ರಕ್ತಸಂಬಂಧವೇನೂ ಇಲ್ಲ. ಪರದೇಶದಲ್ಲಿ ಸಾರಿನಪುಡಿ ಕೊಟ್ಟವರೆಲ್ಲ ಅಕ್ಕ, ಅವರ ಗಂಡ ಭಾವ.

“ಶನಿವಾರ ಫ್ರೀ ಇದೀಯಾ? ಅವ್ರೇ ಬಸ್ ಕಳಿಸ್ತಾರಂತೆ. ಬೆಂಟೋ ಊಟ ಕೂಡ ಫ್ರೀ. ವೆಜ್ ಅಂತ ಮೂರು ಸಲ ಮೇಲ್ ಮಾಡಿ ಕನ್ಫರ್ಮ್ ಮಾಡ್ಕೊಂಡಿದೀನಿ.”

“ನಾವು ಟೂರಿಸ್ಟಾ ಅಕ್ಕಾ? ಇಲ್ಲೇ ಟ್ಯಾಕ್ಸ್ ಕಟ್ಕೊಂಡಿದೀವಿ.”

“ಟೂರಿಸ್ಟ್ ಥರ ಆಕ್ಟ್ ಮಾಡು. ಅರ್ಧ ಮುಖ ಮಾಸ್ಕಲ್ಲಿರುತ್ತೆ, ಯಾರಿಗೆ ಗೊತ್ತಾಗುತ್ತೆ? ಆದ್ರೆ ಒಂದ್ ಕಂಡೀಷನ್ ಕಣೇ. ಅಲ್ಲಿ ಯಾರ್ ಹತ್ರಾನೂ ವಾದ ಮಾಡ್ಬಾರ್ದು.”

ಅಕ್ಕನ ಭಯಕ್ಕೆ ಕಾರಣವಿತ್ತು. ಮೊಸರಿನ ಡಬ್ಬಿಯ ಮುಚ್ಚಳ ಪ್ಲಾಸ್ಟಿಕ್ ಕಸವೋ ಸುಡುವ ಕಸವೋ ಎಂಬ ಬಗ್ಗೆ ನಾನು ನಮ್ಮ ಕಟ್ಟಡದ ಮೇಲ್ವಿಚಾರಕರ ಜೊತೆ ಹಿಂದಿನ ತಿಂಗಳಷ್ಟೇ ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಚರ್ಚಿಸಿದ್ದೆ. ಆಮೇಲೆ ಆ ಮನುಷ್ಯ ನನ್ನನ್ನು ಕಂಡರೆ ಲಿಫ್ಟ್ ಹಿಡಿಯುತ್ತಿದ್ದರು.

ಬಸ್ಸಿನಲ್ಲಿ ಒಂದು ಸೀಟು ಬಿಟ್ಟು ಒಂದು ಸೀಟಿಗೆ ಒಬ್ಬೊಬ್ಬರನ್ನು ಕೂರಿಸಿದರು. ನಮ್ಮನ್ನು ಕರೆದೊಯ್ಯಲು ಬಂದವರು ನಗರಸಭೆಯ ಪ್ರವಾಸ ವಿಭಾಗದ ಒಬ್ಬ ಅಧಿಕಾರಿ. ಆ ಹುದ್ದೆಗೆ ಕಾಕಾರಿಚೋ ಎನ್ನುತ್ತಾರೆ, ಮರ್ಯಾದೆಗೆ ‘ಸಾನ್’ ಸೇರಿಸಿ ಎಲ್ಲರೂ ಅವರನ್ನು ಕಾಕಾರಿಚೋ-ಸಾನ್ ಎಂದೇ ಕರೆಯುತ್ತಿದ್ದರು. ಮುಖಗವಸಿನ ಮೇಲೆ ಪ್ಲಾಸ್ಟಿಕ್ ಪರದೆ, ಒಂದು ಕೈಯಲ್ಲಿ ಹಣೆಯ ಬಿಸಿ ನೋಡುವ ಯಂತ್ರ, ಇನ್ನೊಂದು ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಫಲಕ. ಫಲಕದಲ್ಲಿ ಇಂಗ್ಲಿಷಿನಲ್ಲೂ ಜಪಾನಿಯಲ್ಲೂ ಒಂದೇ ಸಾಲು: ಒಳಗೆ ದಯವಿಟ್ಟು ಸಂಭಾಷಣೆ ಬೇಡ. ಅಕ್ಕ ಅದನ್ನು ಓದಿ ನನ್ನ ಕಡೆ ತಿರುಗಿದರು. ಮಾಸ್ಕಿನ ಮೇಲಿದ್ದ ಕಣ್ಣು ನಗುತ್ತಿತ್ತು.

ಮೊದಲು ಕೋಟೆ. ಬೆಟ್ಟದ ಮೇಲೆ ಬೆಳ್ಳಗೆ ಮದುವೆಯ ಕೇಕಿನ ಹಾಗೆ ನಿಂತಿತ್ತು. ಒಳಗೆ ಹೋದರೆ ಲಿಫ್ಟು. ಹಳೆಯ ಕೋಟೆ ಎಂದೋ ಸುಟ್ಟುಹೋಗಿದೆ, ಇದು ಸಿಮೆಂಟಿನದು ಎಂದು ಬಾಗಿಲಲ್ಲೇ ಬರೆದಿದ್ದರು. ತಪ್ಪನ್ನು ತಾನೇ ಒಪ್ಪಿಕೊಂಡವನಿಗೆ ಏನು ಪಾಟೀಸವಾಲು ಹಾಕುವುದು? ಆಮೇಲೆ ಸಮುರಾಯಿ ಮನೆ. ಗಾಜಿನ ಹಿಂದೆ ಕವಚ ತೊಟ್ಟ ಬೊಂಬೆ ಕೂತಿತ್ತು. ಗುಂಡಿ ಒತ್ತಿದರೆ ಮಾತಾಡುತ್ತಿತ್ತಂತೆ, ಆದರೆ ಎಲ್ಲರೂ ಮುಟ್ಟುತ್ತಾರೆಂದು ಗುಂಡಿಯ ಮೇಲೆ ಟೇಪು ಅಂಟಿಸಿದ್ದರು. ಯೋಧನ ಕಬ್ಬಿಣದ ಮುಖಗವಸು ನಮ್ಮೆಲ್ಲರದಕ್ಕಿಂತ ಭದ್ರವಾಗಿತ್ತು ಎಂಬುದನ್ನು ಬಿಟ್ಟರೆ ಹೇಳಲು ಏನೂ ಇರಲಿಲ್ಲ. ಮೂರನೆಯದು ಕಲಾಶಾಲೆ. ಆ ಊರಲ್ಲಿ ಹುಟ್ಟಿದ ಚಿತ್ರಕಾರರೊಬ್ಬರು ಬದುಕಿರುವಷ್ಟು ಕಾಲ ಕಾಕಿ ಹಣ್ಣನ್ನೇ ಬರೆದಿದ್ದರು. ಟೊಮೇಟೊ ಗಾತ್ರದ, ಕಿತ್ತಳೆ ಬಣ್ಣದ ಹಣ್ಣು. ಗೋಡೆಯಿಂದ ಗೋಡೆಗೆ ಅದೇ. ಭಾವ ಹನ್ನೊಂದನೆಯ ಚಿತ್ರದ ಮುಂದೆ ನಿಂತು, “ಇದು ಸ್ವಲ್ಪ ಜಾಸ್ತಿ ಹಣ್ಣಾಗಿದೆ,” ಎಂದು ಪಿಸುಗುಟ್ಟಿದರು. ಕಾಕಾರಿಚೋ-ಸಾನ್ ಮೆಲ್ಲಗೆ ಫಲಕ ಎತ್ತಿದರು.

ಊಟವೂ ಹಾಗೇ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ, ಪರೀಕ್ಷೆಗೆ ಕೂತವರಂತೆ, ಮಾತಿಲ್ಲದೆ ಬೆಂಟೋ ತಿಂದೆವು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಅಷ್ಟು ಅಕ್ಷರಶಃ ಪಾಲಿಸಿದ ಊರನ್ನು ನಾನು ಕಂಡಿಲ್ಲ. ನನ್ನ ಗಂಟಲಲ್ಲಿ ಮಾತ್ರ ಎಂಟು ತಿಂಗಳ ಮಾತು ಹಾಗೇ ಕೂತಿತ್ತು.

ಕೊನೆಯದು ನಾಟಕಮಂದಿರ. ಹೆಂಡದ ಅಂಗಡಿಯೊಂದರ ಹಿಂದಿನ ಓಣಿಯಲ್ಲಿ, ಎರಡಂತಸ್ತಿನ ಮರದ ಕಟ್ಟಡ. ಹೊರಗೆ ನಿಂತು, ಹೊರಗೆ ಮಾತಿಗೆ ಅಪ್ಪಣೆ ಇದ್ದುದರಿಂದ, ಕಾಕಾರಿಚೋ-ಸಾನ್ ನಮಗೆ ವಿಷಯ ತಿಳಿಸಿದರು. ಬಾಗಿಲು ಕಾಯುವ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಪ್ರತಿ ಬೆಳಿಗ್ಗೆ ಇದರ ಬೀಗ ತೆಗೆಯುತ್ತಾರೆ. ಇದರ ರಂಗ ತಿರುಗುವ ರಂಗ, ಕೆಳಗಿನ ಹಳ್ಳದಲ್ಲಿ ನಿಂತು ಕೈಯಿಂದ ತಳ್ಳಬೇಕು. ತಳ್ಳುತ್ತಿದ್ದ ನಾಲ್ವರಲ್ಲಿ ಅಜ್ಜಿಯ ಗಂಡ ಒಬ್ಬರು, ಈಗ ಇಲ್ಲ. ಹೊಸ ನಕ್ಷೆಯಲ್ಲಿ ಸೇರಿದ ಜಾಗಗಳನ್ನು ಮಾತ್ರ ಮುಂದಿನ ಏಪ್ರಿಲ್‌ನಿಂದ ದಿನವೂ ತೆರೆಯುತ್ತಾರೆ. ಸೇರದಿದ್ದರೆ ಬೀಗ, ಅಜ್ಜಿಯ ಕೊರಳಿನ ಕೀಲಿ ಆಫೀಸಿಗೆ. “ಆದ್ದರಿಂದ ತಮ್ಮ ಅಭಿಪ್ರಾಯ ಬಹಳ ಮುಖ್ಯ,” ಎಂದು ಅವರು ಬಾಗಿದರು.

ನಾನು ಆಗಲೇ ನಿಶ್ಚಯಿಸಿದೆ. ಇದಕ್ಕಾದರೆ ಮನಸ್ಸಿಟ್ಟು ಬರೆಯಬೇಕು.

ಒಳಗೆ ಅಜ್ಜಿ ನಿಂತಿದ್ದರು. ನನ್ನ ಭುಜಕ್ಕೂ ಬಾರದ ಎತ್ತರ, ನೀಲಿ ಮೇಲಂಗಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಗೇಣುದ್ದದ ಕಬ್ಬಿಣದ ಕೀಲಿ. ಮಾತಾಡುವಂತಿಲ್ಲವಲ್ಲ, ಹೇಳಬೇಕಾದ್ದನ್ನೆಲ್ಲ ದೊಡ್ಡ ದೊಡ್ಡ ರಟ್ಟಿನ ಮೇಲೆ ಬರೆದು, ಚಿತ್ರ ಬಿಡಿಸಿ, ಒಂದೊಂದಾಗಿ ಎತ್ತಿ ತೋರಿಸುತ್ತಿದ್ದರು. ನೆಲವನ್ನು ಮರದ ಪಟ್ಟಿಗಳಿಂದ ಚೌಕ ಚೌಕ ಮಾಡಿದ್ದರು, ಹಿಂದೆ ಒಂದೊಂದು ಚೌಕದಲ್ಲಿ ನಾಲ್ಕು ಜನ ಮಂಡಿ ಮಡಚಿ ಕೂರುತ್ತಿದ್ದರಂತೆ. ಚಾವಣಿಯ ತುಂಬ ಹಳೆಯ ಕಾಲದ ಅಂಗಡಿಗಳ ಬಣ್ಣದ ಜಾಹೀರಾತು: ಛತ್ರಿ, ಸೋಯಾ ಸಾಸು, ಕ್ಷೌರದಂಗಡಿ, ಕಣ್ಣಿನ ಔಷಧಿ. ನಾನು ಕತ್ತೆತ್ತಿ ನೋಡುತ್ತ ಹೋದಂತೆ ನನ್ನೊಳಗೆ ಪ್ರಶ್ನೆಗಳು ಎದ್ದೆದ್ದು ನಿಂತವು. ಸುಳ್ಳು ಹೇಳುವುದಿಲ್ಲ, ಅಂಥ ಖುಷಿ ನನಗೆ ಆ ವರ್ಷದಲ್ಲೇ ಆಗಿರಲಿಲ್ಲ. ಬಾಯಿ ತೆರೆದೆ. ಹಿಂದಿನಿಂದ ಫಲಕ ಎದ್ದಿತು.

ವಾಪಸಿನ ಬಸ್ಸಿನಲ್ಲಿ ಪ್ರಶ್ನಾವಳಿ, ಪೆನ್ಸಿಲು ಬಂದವು. ಪ್ರತಿ ಜಾಗಕ್ಕೂ ಒಂದರಿಂದ ಐದರವರೆಗೆ ಅಂಕ, ಕೊನೆಗೆ ‘ಇತರ ಅಭಿಪ್ರಾಯ’ ಎಂದು ಎರಡು ಬೆರಳಿನಷ್ಟು ಜಾಗ. ಕೋಟೆಗೆ ಐದು. ಸಮುರಾಯಿಗೆ ಐದು. ಹಣ್ಣುಗಳಿಗೆ ಐದು. ನಕ್ಕು ಕೂತುಬಿಡಿ ಎಂದು ಮೇಷ್ಟ್ರು ಹೇಳಿರಲಿಲ್ಲವೇ? ನಾಟಕಮಂದಿರಕ್ಕೆ ಮೂರು. ನಮ್ಮ ಸ್ಪರ್ಧೆಗಳಲ್ಲಿ ತೀರ್ಪುಗಾರರು ಲೆಕ್ಕಕ್ಕಿಟ್ಟ ಮಾತುಗಾರನಿಗೆ ಮಾತ್ರ ಕೈ ಬಿಗಿ ಹಿಡಿದು ಅಂಕ ಕೊಡುತ್ತಿದ್ದರು, ಮೂರು ಎಂದರೆ ನಿನ್ನ ಮಾತು ಕೇಳಿದೆ ಎಂದರ್ಥ. ಆಮೇಲೆ ಬರೆಯತೊಡಗಿದೆ. ಎರಡು ಬೆರಳಿನ ಜಾಗ ತುಂಬಿತು, ಕಾಗದದ ಬೆನ್ನು ತುಂಬಿತು, ಇನ್ನೊಂದು ಹಾಳೆ ಕೇಳಿ ಪಡೆದೆ.

“ಅಡಿಷನಲ್ ಶೀಟ್ ತಗೊಂಡೋಳು ನೀನೊಬ್ಳೇ ಕಣೇ,” ಎಂದರು ಎರಡು ಸೀಟಿನಾಚೆಯ ಅಕ್ಕ.

“ಅಕ್ಕಾ, ನಾನು ವಾದ ಮಾಡ್ತಿಲ್ಲ. ಬರೀತಿದೀನಿ.”

ಬರೆದದ್ದು ಎಂಟು ತಕರಾರು. ಜಾಹೀರಾತು ಚಾವಣಿಯಲ್ಲಿದೆ ಎಂದರೆ ಜನ ರಂಗ ಬಿಟ್ಟು ಮೇಲೆ ನೋಡುತ್ತಿದ್ದರು ಎಂದಾಯಿತು. ನಾಟಕ ಅಷ್ಟು ಸಪ್ಪೆಯಾಗಿತ್ತೇ? ರಾತ್ರಿಯ ದೃಶ್ಯಕ್ಕೆ ಕಿಟಕಿಗಳನ್ನೆಲ್ಲ ಮುಚ್ಚಿ ಕತ್ತಲು ಮಾಡುತ್ತಿದ್ದೆವು ಎನ್ನುತ್ತೀರಿ; ವಿದ್ಯುತ್ತಿಲ್ಲದ ಕಾಲದಲ್ಲಿ ಆ ಕತ್ತಲಲ್ಲಿ ನಟನನ್ನು ಯಾರು ನೋಡಿದರು? ಒಂದೂ ಮೊಳೆಯಿಲ್ಲದೆ ಕಟ್ಟಿದ್ದು ಎಂದು ರಟ್ಟಿನಲ್ಲಿದೆ. ನಿಮ್ಮದೇ ಇನ್ನೊಂದು ಮೇಲಂಗಿ ಒಂದು ಮೊಳೆಗೆ ನೇತಾಡುತ್ತಿದ್ದುದನ್ನು ನಾನು ಬಂದಾಗ ಕಂಡೆ. ಎಡಗಡೆಯ ಕಂಬದಲ್ಲಿರುವ ಗುಳಿ ಒಬ್ಬ ಹೆಸರಾಂತ ನಟನ ಹಣೆ ಬಡಿದು ಆದದ್ದು ಎನ್ನುತ್ತೀರಿ, ಯಾವ ನಟ? ಗುಳಿ ನನ್ನ ಮೊಣಕಾಲಿನ ಎತ್ತರದಲ್ಲಿದೆಯಲ್ಲ? ಇಷ್ಟು ದೊಡ್ಡ ರಂಗವನ್ನು ನಾಲ್ಕೇ ಗಂಡಸರು ತಿರುಗಿಸುತ್ತಿದ್ದರು ಎಂಬುದಕ್ಕೆ ಏನು ಸಾಕ್ಷಿ? ಇಂಥವೇ ಇನ್ನು ಮೂರು. ಕಾಗದ ಮಡಚಿ ಕೊಟ್ಟಾಗ, ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ ನನಗಿತ್ತು.

ಫೆಬ್ರುವರಿಯಲ್ಲಿ ಕಾಕಾರಿಚೋ-ಸಾನ್ ಫೋನ್ ಮಾಡಿದರು. ಅವರ ಇಂಗ್ಲಿಷು ನಿಧಾನ, ನನ್ನ ಜಪಾನಿ ಅದಕ್ಕಿಂತ ನಿಧಾನ, ಎರಡನ್ನೂ ಬೆರೆಸಿ ಮಾತಾಡಿದೆವು.

“ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಕೃತಜ್ಞರಾಗಿದ್ದೇವೆ. ತಮಗಾದ ಅಸಮಾಧಾನಕ್ಕೆ ವಿಭಾಗದ ಪರವಾಗಿ ಕ್ಷಮೆ ಕೇಳುತ್ತೇನೆ. ಆ ನಾಟಕಮಂದಿರವನ್ನು ನಕ್ಷೆಯಿಂದ ತೆಗೆದಿದ್ದೇವೆ. ದಯವಿಟ್ಟು ನಿಶ್ಚಿಂತರಾಗಿರಿ.”

“ಯಾವ ಅಸಮಾಧಾನ?”

ಕಾಗದ ಮಗುಚಿದ ಸದ್ದು. “ಎಂಟು.”

ಅವರು ಒಂದೊಂದನ್ನೂ ನಿಘಂಟು ಇಟ್ಟುಕೊಂಡು ತಾವೇ ಜಪಾನಿಗೆ ತಂದಿದ್ದರು. ಅನುವಾದದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ತೊಂದರೆ ಅದೇ ಆಗಿತ್ತು.

“ಕಾಕಾರಿಚೋ-ಸಾನ್, ಇಡೀ ಊರಲ್ಲಿ ನನಗೆ ಇಷ್ಟವಾಗಿದ್ದು ಅದೊಂದೇ.”

“ಕೋಟೆಗೆ ಐದಕ್ಕೆ ಐದು ಕೊಟ್ಟಿದ್ದೀರಿ.”

“ಕೋಟೆ ಬೋರಾಗಿತ್ತು. ಅದಕ್ಕೇ ಕೊಟ್ಟೆ.”

ಆ ಕಡೆ ಪೆನ್ಸಿಲಿನಿಂದ ಏನೋ ಬರೆದು, ಅಳಿಸಿದ ಸದ್ದು ಕೇಳಿತು.

“ಬೇರೆಯವರು ಏನು ಬರೆದಿದ್ದಾರೆ?” ಎಂದೆ.

“ಎಲ್ಲದಕ್ಕೂ ಐದು. ಅಭಿಪ್ರಾಯದ ಜಾಗದಲ್ಲಿ ಊಟ ಚೆನ್ನಾಗಿತ್ತು ಎಂದಿದ್ದಾರೆ. ಅಭಿಪ್ರಾಯ ಅಂತ ಬಂದದ್ದು ತಮ್ಮದೊಂದೇ.”

“ಹಾಗಾದರೆ ನಾನು ಅದನ್ನು ಈಗಲೇ ವಾಪಸ್ ತಗೊಳ್ತೀನಿ.”

“ಅಭಿಪ್ರಾಯ ಹಿಂತೆಗೆದುಕೊಳ್ಳುವ ನಮೂನೆ ನಮ್ಮಲ್ಲಿಲ್ಲ.” ಕಡತವೊಂದನ್ನು ಬಿಚ್ಚಿದ ಸದ್ದು. “ಅಭಿಪ್ರಾಯಕ್ಕೆ ಉತ್ತರ ಕೊಟ್ಟಾಗಿದೆ ಎಂಬ ನಮೂನೆ ಇದೆ. ಎಂಟಕ್ಕೂ ಆ ಜಾಗದವರೇ ಉತ್ತರ ಕೊಡಬೇಕು. ಅಭಿಪ್ರಾಯ ಕೊಟ್ಟವರು ಎದುರಿಗೇ ಕೇಳಿ, ಒಪ್ಪಿ, ಸಹಿ ಹಾಕಬೇಕು. ಒಂದು ಉಳಿದರೂ ಆಗುವುದಿಲ್ಲ. ನಕ್ಷೆ ಇನ್ನು ಮೂರು ವಾರದಲ್ಲಿ ಅಚ್ಚಿಗೆ ಹೋಗುತ್ತದೆ.”

“ಅಜ್ಜಿಗೆ ಗೊತ್ತಾ?”

“ತಮ್ಮ ಅಭಿಪ್ರಾಯದ ಪ್ರತಿಯನ್ನು ಕೊಟ್ಟಿದ್ದೇನೆ. ಎರಡು ಸಲ ಓದಿದರು. ಮಾರ್ಚ್ ಕೊನೆಗೆ ಕೀಲಿಯನ್ನು ತಾನೇ ತಂದುಕೊಡುತ್ತೇನೆ ಎಂದರು.”

ಆ ರಾತ್ರಿ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಾನು ತಿಂದೆ. ತಿನ್ನುತ್ತಲೇ ಅಕ್ಕನಿಗೆ ಎಲ್ಲವನ್ನೂ ಹೇಳಿದೆ.

“ಮೂರು ಮಾರ್ಕ್ಸ್ ಕೊಟ್ಟು, ಎಂಟು ತಪ್ಪು ಹಿಡಿದು, ಅದು ಪ್ರೀತಿ ಅಂತೀಯಲ್ಲ,” ಎಂದರು ಅಕ್ಕ. “ನಿನ್ನನ್ನ ಮದ್ವೆ ಆಗೋನು ಎಷ್ಟು ಶೀಟ್ ಓದ್ಬೇಕೋ.”

“ನಡೀರಿ, ಕಾರಲ್ಲೇ ಹೋಗೋಣ,” ಎಂದರು ಭಾವ. ಸಂಶೋಧನೆ ಮಾಡುವವರು, ನಿಂತುಹೋದ ಪ್ರಯೋಗಾಲಯದಿಂದ ಹೊರಬರಲು ಅವರಿಗೊಂದು ನೆಪ ಸಾಕಾಗಿತ್ತು.

ಮುಂದಿನ ಶನಿವಾರ ಅಕ್ಕನ ಕೊಬ್ಬರಿ ಮಿಠಾಯಿ ಡಬ್ಬದ ಸಮೇತ ಹೋದೆವು. ಸಂಭಾಷಣೆ ಬೇಡ ಎಂಬ ನಿಯಮ ಹಾಗೇ ಇತ್ತು, ಅದನ್ನು ಕಾಕಾರಿಚೋ-ಸಾನ್ ಸ್ವತಃ ಅಂಟಿಸಿದ್ದರು, ಅವರೇ ಮುರಿಯುವಂತಿರಲಿಲ್ಲ. ಆದ್ದರಿಂದ ಶಾಲೆಯಿಂದ ಎರಡು ಸಣ್ಣ ಬಿಳಿ ಹಲಗೆ, ಪೆನ್ನು, ಒರೆಸುವ ಬಟ್ಟೆ ತಂದಿದ್ದರು. ಎರಡು ಮೀಟರ್ ಅಂತರದಲ್ಲಿ ಎರಡು ಚೌಕ. ಒಂದರಲ್ಲಿ ಅಜ್ಜಿ, ಒಂದರಲ್ಲಿ ನಾನು. ಮೂರನೆಯದರಲ್ಲಿ ನಮೂನೆ ಹಿಡಿದ ಕಾಕಾರಿಚೋ-ಸಾನ್. ಹಿಂದಿನ ಚೌಕದಲ್ಲಿ ಅಕ್ಕ, ಭಾವ. ಇಷ್ಟು ವರ್ಷ ಎಷ್ಟೋ ವೇದಿಕೆ ಹತ್ತಿದ್ದೇನೆ, ಸೋಲಲೇಬೇಕೆಂದು ಹೊರಟದ್ದು ಅದೇ ಮೊದಲು.

ಅಜ್ಜಿ ನನಗೆ ಓದಲು ಸುಲಭವಾಗಲೆಂದು, ಮಗುವಿಗೆ ಬರೆಯುವ ಹಾಗೆ, ಸರಳ ಅಕ್ಷರದಲ್ಲಿ ಬಿಡಿಸಿ ಬರೆದರು.

‘ಒಂದು. ಚಾವಣಿ. ನಾಟಕ ಬೆಳಿಗ್ಗೆಯಿಂದ ಸಂಜೆವರೆಗೆ. ಜನ ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ಮಲಗಿದವರಿಗೆ ಕಾಣುವುದು ಚಾವಣಿ.’

ನಾನು ಕೂಡಲೇ ‘ಒಪ್ಪಿದೆ’ ಎಂದು ಬರೆದು ಎತ್ತಿದೆ. ಕಾಕಾರಿಚೋ-ಸಾನ್ ನೆಮ್ಮದಿಯಿಂದ ಗುರುತು ಹಾಕಲು ಹೋದರು. ಅಜ್ಜಿ ಕೈಯೆತ್ತಿ ಅವರನ್ನು ತಡೆದರು. ಹಲಗೆ ಒರೆಸಿ, ನಿಧಾನವಾಗಿ ಬರೆದು, ನನ್ನ ಕಡೆ ತಿರುಗಿಸಿದರು.

‘ಇಷ್ಟು ಬೇಗ? ಕಾಗದದಲ್ಲಿ ನೀನು ಹೀಗಿರಲಿಲ್ಲ.’

ನಾನು ಹಿಂದೆ ತಿರುಗಿ ಅಕ್ಕನನ್ನು ನೋಡಿದೆ. ಅಕ್ಕ ಹಣೆ ಚಚ್ಚಿಕೊಂಡರು. ಅಜ್ಜಿ ಇನ್ನೊಂದು ಸಾಲು ಬರೆದರು: ‘ದಯೆ ತೋರಿ ಕೊಟ್ಟ ಸಹಿ ನನಗೆ ಬೇಡ. ಕೇಳು.’

ಎಂಟು ತಿಂಗಳು ಮಾತಿಲ್ಲದೆ ಕೂತವಳಿಗೆ, ಆಮೇಲೆ ಇನ್ನೂ ಮೂರು ತಿಂಗಳು ಅದೇ ಗತಿಯಾದವಳಿಗೆ, ಇದಕ್ಕಿಂತ ಬೇರೆ ಆಹ್ವಾನ ಬೇಕೇ? ಬಾಗಿ ವಂದಿಸಿ ಹಲಗೆ ಎತ್ತಿಕೊಂಡೆ. ‘ಮಲಗಿದವರಿಗೆ ಜಾಹೀರಾತು ತೋರಿಸಿದಿರಿ ಎಂದರೆ ನಾಟಕ ಸಪ್ಪೆ ಎಂದು ನೀವೇ ಒಪ್ಪಿದ ಹಾಗೆ.’

‘ಇಡೀ ದಿನದ ನಾಟಕಕ್ಕೆ ಎಲ್ಲಿ ಮಲಗಬೇಕು ಎಂದು ತಿಳಿದವನೇ ರಸಿಕ. ಎಲ್ಲಿ ಏಳಬೇಕೆಂದು ಅವನಿಗೆ ಗೊತ್ತಿರುತ್ತದೆ. ಕಣ್ಣಿನ ಔಷಧಿಯವನ ಬೋರ್ಡು ಎಲ್ಲಿದೆ ನೋಡು.’

ನೋಡಿದೆ. ಅದು ಎಲ್ಲಕ್ಕಿಂತ ಹಿಂದಿನ, ಕಂಬದ ಮರೆಯ ಚೌಕದ ಮೇಲಿತ್ತು. ತೂಕಡಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಭಾವ ಆಗಲೇ ಅಲ್ಲಿ ಗೋಡೆಗೆ ತಲೆಯಾನಿಸಿದ್ದರು. ರಾತ್ರಿಯಿಡೀ ನಡೆಯುವ ನಮ್ಮ ಕಡೆಯ ಬಯಲಾಟದಲ್ಲಿ ರಕ್ಕಸ ಬಂದಾಗ ಎಬ್ಬಿಸು ಎಂದು ಹೇಳಿ ಮಲಗುವವರ ನೆನಪಾಗಿ, ಈ ಸಲ ನಿಜವಾಗಿಯೇ ‘ಒಪ್ಪಿದೆ’ ಎಂದು ಬರೆದೆ.

ಎರಡನೆಯದು ಕತ್ತಲು. ಅಜ್ಜಿ ಎದ್ದುಹೋಗಿ ಪರದೆಯ ಹಿಂದಿನಿಂದ ಒಂದು ಉದ್ದನೆಯ ಕೋಲು ತಂದರು. ತುದಿಯಲ್ಲಿ ಮೇಣದಬತ್ತಿ ನಿಲ್ಲಿಸುವ ತಟ್ಟೆ. ಇದನ್ನು ನಟನ ಮುಖದ ಮುಂದೆ ಹಿಡಿಯುತ್ತಿದ್ದರಂತೆ; ಕತ್ತಲು ಎಲ್ಲರಿಗೂ, ಬೆಳಕು ಅವನೊಬ್ಬನಿಗೆ.

‘ಕೋಲು ಹಿಡಿದವನು ಕಾಣುವುದಿಲ್ಲವೇ?’ ಎಂದು ಬರೆದೆ.

‘ಕಾಣುತ್ತಾನೆ. ಯಾರೂ ನೋಡುವುದಿಲ್ಲ.’

ಮೊಳೆಯ ವಿಚಾರದಲ್ಲಿ ನಾನು ಗೆದ್ದೇಬಿಟ್ಟೆ ಎಂದುಕೊಂಡಿದ್ದೆ. ಅಜ್ಜಿಯ ಉತ್ತರ ಒಂದೇ ಸಾಲು: ‘ಆ ಮೊಳೆ ಅಂಗಿ ನೇತುಹಾಕಲು. ಕಟ್ಟಡವನ್ನು ನೇತುಹಾಕಲು ಅಲ್ಲ.’ ಹಿಂದಿನಿಂದ ಅಕ್ಕ ಮಾಸ್ಕಿನೊಳಗೆ ನಕ್ಕ ಸದ್ದು ಬಂತು. ಕಾಕಾರಿಚೋ-ಸಾನ್ ಫಲಕ ಎತ್ತಲು ಕೈಹಾಕಿ, ನಗು ಸಂಭಾಷಣೆಯೋ ಅಲ್ಲವೋ ಎಂದು ಯೋಚಿಸಿ, ಬಿಟ್ಟರು.

ಕಂಬದ ಗುಳಿ ಬಂದಾಗ ಅಜ್ಜಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಕೊನೆಗೆ ಬರೆದರು: ‘ನೀನು ಹೇಳಿದ್ದು ಸರಿ. ಯಾವ ನಟನೂ ಇಲ್ಲ. ನನ್ನ ಗಂಡ ಇದ್ದಿಲಿನ ಕೈಗಾಡಿ ತಂದು ಗುದ್ದಿದ. ಬೈಸಿಕೊಳ್ಳುತ್ತೇನೆಂದು ಹೆದರಿ ನಟನ ಕಥೆ ಕಟ್ಟಿದ. ತಾನು ಬದುಕಿರುವವರೆಗೆ ಯಾರಿಗೂ ಹೇಳಬೇಡ ಎಂದಿದ್ದ.’ ಒರೆಸಿ, ಇನ್ನೊಂದು ಸಾಲು: ‘ಈಗ ಹೇಳಬಹುದು.’

ಎದುರಾಳಿ ಹೀಗೆ ಸೋತು ಗೆಲ್ಲುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಾಕಾರಿಚೋ-ಸಾನ್ ಮಾತ್ರ ಕಂಗಾಲಾದರು. ಜಾಗದವರೇ ತಪ್ಪೊಪ್ಪಿಕೊಂಡರೆ ಏನು ಬರೆಯಬೇಕೆಂದು ನಮೂನೆಯಲ್ಲಿರಲಿಲ್ಲ. ಬಹಳ ಯೋಚಿಸಿ ‘ವಿವರಣೆ ಪರಿಷ್ಕರಿಸಲಾಗಿದೆ’ ಎಂದು ಬರೆದುಕೊಂಡರು.

ಹೀಗೆ ಏಳು ಮುಗಿದವು. ಉಳಿದದ್ದು ರಂಗ. ನಾಲ್ಕೇ ಜನ ಇದನ್ನು ತಿರುಗಿಸುತ್ತಿದ್ದರು ಎಂಬುದಕ್ಕೆ ಅಜ್ಜಿಯ ಬಳಿ ಸಾಕ್ಷಿ ಇರಲಿಲ್ಲ. ಆ ನಾಲ್ವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಬೇರೆಯವರಿಂದ ತಿರುಗಿಸಿ ತೋರಿಸೋಣವೆಂದರೆ ಕೆಳಗಿನ ಇಕ್ಕಟ್ಟಿನ ಹಳ್ಳದಲ್ಲಿ ಅಂತರ ಬಿಡದೆ ನಾಲ್ಕು ಜನ ಸೇರಬಾರದು ಎಂದು ಸೋಂಕು ಶುರುವಾದಾಗಿನಿಂದ ನಗರಸಭೆಯ ಆಜ್ಞೆ. ಅಜ್ಜಿ ಖಾಲಿ ಹಲಗೆ ಹಿಡಿದು ಕೂತರು. ನಾನು ‘ಒಪ್ಪಿದೆ’ ಎಂದು ಬರೆಯಬಹುದಿತ್ತು. ಬರೆದರೆ ಆಕೆ ಆ ಸಹಿಯನ್ನು ಮುಟ್ಟುವುದಿಲ್ಲ, ಇಬ್ಬರಿಗೂ ಗೊತ್ತಿತ್ತು. ಕೀಲಿ ಆಕೆಯ ಮಡಿಲಲ್ಲಿ ಬಿದ್ದಿತ್ತು.

ಆಗ ನಾನು ಹಲಗೆಯನ್ನು ಅಜ್ಜಿಯ ಕಡೆಯಲ್ಲ, ಕಾಕಾರಿಚೋ-ಸಾನ್ ಕಡೆ ತಿರುಗಿಸಿದೆ. ‘ಆಜ್ಞೆಯಲ್ಲಿ ಅಂತರ ಎಷ್ಟೆಂದು ಬರೆದಿದೆ?’

ಅವರು ಎರಡು ಬೆರಳು ತೋರಿಸಿದರು, ಎರಡು ಮೀಟರ್.

‘ತಳ್ಳುವ ಕೋಲುಗಳ ನಡುವೆ ಎಷ್ಟಿದೆ, ಯಾರಾದರೂ ಅಳೆದಿದ್ದೀರಾ?’

ಅವರು ನನ್ನನ್ನು ನೋಡಿದರು. ಅಜ್ಜಿಯನ್ನು ನೋಡಿದರು. ಆಮೇಲೆ ಜೇಬಿನಿಂದ ಅಳತೆಯ ಟೇಪು ತೆಗೆದು ಏಣಿಯಿಳಿದರು. ಜೇಬಿನಲ್ಲಿ ಟೇಪು ಇಟ್ಟುಕೊಂಡು ಓಡಾಡುವ ಅಧಿಕಾರಿಯನ್ನು ನಾನು ಅಂದಿನಿಂದ ಹಗುರವಾಗಿ ಕಂಡಿಲ್ಲ. ಕೆಳಗಿನಿಂದ ಬಹಳ ಹೊತ್ತು ಟೇಪು ಎಳೆಯುವ, ಬಿಡುವ ಸದ್ದು ಬಂತು. ಮೇಲೆ ಬಂದವರ ಪ್ಲಾಸ್ಟಿಕ್ ಪರದೆಯ ಮೇಲೆ ಜೇಡರ ಬಲೆ. ನನ್ನ ಹಲಗೆ ಇಸಿದುಕೊಂಡು ಬರೆದರು: ‘ಎರಡು ಮೀಟರ್, ಮತ್ತು ಮೂರು ಬೆರಳು.’

ಆ ಹಳ್ಳವನ್ನು ಅಲ್ಲಿ ನರಾಕು ಎನ್ನುತ್ತಾರೆ. ನಮ್ಮ ನರಕವೇ ಬೌದ್ಧರ ಜೊತೆ ಅಷ್ಟು ದೂರ ನಡೆದುಬಂದಿದೆ. ನಾನು ಇದನ್ನು ಅಕ್ಕನ ಕಿವಿಯಲ್ಲಿ ಹೇಳಿದಾಗ ಅವರು, “ಫ್ರೀ ಬೆಂಟೋ ಅಂತ ಬಂದು ನರಕಕ್ಕೆ ಇಳಿಯೋ ಹಾಗಾಯ್ತಲ್ಲೇ,” ಎನ್ನುತ್ತಲೇ ಸೆರಗಿಲ್ಲದ ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದರು. ಭಾವನನ್ನು ಎಬ್ಬಿಸಿದೆವು. ನಾಲ್ಕು ಕೋಲಿಗೆ ನಾಲ್ವರು: ಕಾಕಾರಿಚೋ-ಸಾನ್, ಭಾವ, ಅಕ್ಕ, ನಾನು. ಅಜ್ಜಿ ಮೇಲೆ ರಂಗದ ನಡುವೆ ನಿಂತರು. ಹಿಮ್ಮಡಿಯಿಂದ ಎರಡು ಸಲ ತಟ್ಟಿದರೆ ಶುರು, ಒಂದು ಸಲ ತಟ್ಟಿದರೆ ನಿಲ್ಲಿಸುವುದು. ಅದು ಅವರ ಗಂಡನ ಕಾಲದ ಸನ್ನೆ.

ತಲೆಯ ಮೇಲೆ ಎರಡು ತಟ್ಟು ಬಿದ್ದವು. ತಳ್ಳಿದೆವು. ಏನೂ ಆಗಲಿಲ್ಲ. ಭಾವನ ಮುಖದಲ್ಲಿ ಸಂಶೋಧಕನ ಸಮಾಧಾನ ಕಂಡಿತು, ಇದು ಅಸಾಧ್ಯವೆಂದು ಲೆಕ್ಕ ಹಾಕಿದ್ದರು ಅನ್ನಿಸುತ್ತದೆ. ಮತ್ತೆ ಎರಡು ತಟ್ಟು. ಈ ಸಲ ನಾಲ್ವರೂ ಒಂದೇ ಉಸಿರಿಗೆ ತಳ್ಳಿದೆವು. ಎಲ್ಲೋ ಮರ ಮುಲುಗಿತು, ಧೂಳು ಉದುರಿತು, ಕೋಲು ನನ್ನ ಎದೆಯಿಂದ ಮುಂದಕ್ಕೆ ಸರಿಯಿತು. ಒಂದು ಸಲ ಸರಿದ ಮೇಲೆ ಅದೇ ನಮ್ಮನ್ನು ಎಳೆದುಕೊಂಡು ಹೋಯಿತು. ಅರ್ಧ ಸುತ್ತು ಆಯಿತು. ನಿಲ್ಲಿಸುವ ತಟ್ಟು ಬರಲಿಲ್ಲ. ಒಂದು ಸುತ್ತು ಆಯಿತು. ಬರಲಿಲ್ಲ. “ಅಜ್ಜಿ ಹುಷಾರಾಗಿದಾರಾ ನೋಡೇ,” ಎಂದು ಅಕ್ಕ ಏದುಸಿರಿನಲ್ಲಿ ಹೇಳಿದರು. ಮಾತು ಬೇಡವೆಂಬುದನ್ನು ಕಾಕಾರಿಚೋ-ಸಾನ್ ಕೂಡ ಮರೆತಿದ್ದರು. ಎರಡನೆಯ ಸುತ್ತೂ ಮುಗಿದ ಮೇಲೆ ಮೇಲಿನಿಂದ ಒಂದೇ ಒಂದು ತಟ್ಟು ಬಂತು.

ಏಣಿ ಹತ್ತಿ ನೋಡಿದರೆ ಅಜ್ಜಿ ರಂಗದ ನಡುವೆ, ಹೊರಟ ಜಾಗಕ್ಕೇ ಮುಖ ಮಾಡಿ ನಿಂತಿದ್ದಾರೆ. ಹಲಗೆಯಲ್ಲಿ ಆಗಲೇ ಬರೆದಿತ್ತು: ‘ಅವನು ತಿರುಗಿಸುವಾಗ ನಾನು ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದೆ. ತಿರುಗುವಾಗ ಇದರ ಮೇಲೆ ನಿಂತದ್ದು ಇವತ್ತೇ ಮೊದಲು.’

ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು ಎಂದು ಯಾರಿಗೂ ಗೊತ್ತಾಗುತ್ತದೆ. ಆದರೆ ಹಲಗೆ ಎತ್ತಿಕೊಂಡಾಗಲೇ, ದಯೆಯ ಸಹಿ ಹಾಕುವುದಿಲ್ಲವೆಂದು ನಾನು ಆಕೆಗೆ ಮಾತು ಕೊಟ್ಟ ಹಾಗಾಗಿತ್ತು. ಹಲಗೆ ತೆಗೆದುಕೊಂಡು ಬರೆದೆ: ‘ನಾಲ್ಕು ಗಂಡಸರು ಎಂದಿದ್ದಿರಿ. ತಿರುಗಿಸಿದ್ದು ಇಬ್ಬರು ಗಂಡಸರು, ಇಬ್ಬರು ಹೆಂಗಸರು. ನಿಮ್ಮ ಮಾತು ಇನ್ನೂ ಸಾಬೀತಾಗಿಲ್ಲ.’

ಅಜ್ಜಿಯ ಕಣ್ಣು ಸಣ್ಣಗಾದವು. ‘ನಾನು ಹೇಳಿದ್ದಕ್ಕಿಂತ ಹೆಚ್ಚೇ ಸಾಬೀತಾಯಿತು. ಸಹಿ ಹಾಕು.’

ಹಾಕಿದೆ. ಎಂಟು ಕಡೆ.

ಮಾರ್ಚ್ ಕೊನೆಗೆ ಕೀಲಿ ಆಫೀಸಿಗೆ ಹೋಗಲಿಲ್ಲ. ನಕ್ಷೆ ಅಂಚೆಯಲ್ಲಿ ಬಂತು: ಕೋಟೆ, ಬೊಂಬೆ, ಹಣ್ಣು, ನಾಲ್ಕನೆಯದಾಗಿ ನಾಟಕಮಂದಿರ. ಪಕ್ಕದಲ್ಲಿ ಕಾಕಾರಿಚೋ-ಸಾನ್ ಅವರದೇ ಇರಬೇಕಾದ ಸಾಲು: ‘ಇಲ್ಲಿ ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆಯುತ್ತದೆ.’ ಮುಂದಿನ ಪ್ರವಾಸಕ್ಕೆ ಅವರು ನನ್ನನ್ನು ಕರೆಯಲಿಲ್ಲ. ಪ್ರಶ್ನಾವಳಿಯಲ್ಲಿ ‘ಇತರ ಅಭಿಪ್ರಾಯ’ದ ಜಾಗವನ್ನು ಒಂದು ಬೆರಳಿಗೆ ಇಳಿಸಿದ್ದಾರೆಂದು ಅಕ್ಕ ಹೇಳುತ್ತಾರೆ, ನಾನು ಪರಿಶೀಲಿಸಿಲ್ಲ.

ಮರುವರ್ಷದ ವಸಂತದ ರಜೆಯಲ್ಲಿ ನಾನು ಒಬ್ಬಳೇ ಮತ್ತೆ ಹೋದೆ. ಮಾಸ್ಕು, ಫಲಕ ಎಲ್ಲ ಇನ್ನೂ ಇದ್ದವು. ಬಾಗಿಲ ಪಕ್ಕದಲ್ಲಿ ನನ್ನ ಎಂಟು ತಕರಾರುಗಳನ್ನು ಇಂಗ್ಲಿಷಿನಲ್ಲೂ ಜಪಾನಿಯಲ್ಲೂ ದೊಡ್ಡದಾಗಿ ಬರೆಸಿ ಹಾಕಿದ್ದರು, ‘ಭಾರತದಿಂದ ಬಂದ ಅತಿಥಿಯ ಪ್ರಶ್ನೆಗಳು’ ಎಂದು ಮೇಲೆ ತಲೆಬರಹ ಬೇರೆ. ಒಂದೊಂದರ ಕೆಳಗೂ ಒಂದು ಮರದ ಮುಚ್ಚಳ, ಎತ್ತಿದರೆ ಅಜ್ಜಿಯ ಉತ್ತರ. ಅದರ ಮುಂದೆ, ನಮ್ಮ ದೇಶದವರೇ ತುಂಬಿರುವ ರಾಜಧಾನಿಯ ಬಡಾವಣೆ ನಿಶಿ ಕಸಾಯಿಯಿಂದ ರಜೆಗೆ ಬಂದಿದ್ದ ಒಂದು ಸಂಸಾರ ನಿಂತಿತ್ತು. ಗಂಡ ಓದುತ್ತ ಓದುತ್ತ ಅಚ್ಚ ಬೆಂಗಳೂರು ಕನ್ನಡದಲ್ಲಿ ಹೆಂಡತಿಗೆ ಹೇಳಿದ:

“ನಮ್ಮೋರೇ ಇರ್ಬೇಕು ಕಣೇ. ಫ್ರೀಯಾಗಿ ತೋರ್ಸಿದ್ರೂ ಇಷ್ಟು ಕೊಂಕು ಬೇರೆ ಯಾರ್ ತೆಗೀತಾರೆ?”

ನಾನು ಚಾವಣಿ ನೋಡುತ್ತ ನಿಂತೆ, ಕ್ಷೌರದಂಗಡಿಯ ಜಾಹೀರಾತನ್ನು ಮೊದಲ ಸಲ ಕಂಡವಳಂತೆ. ಅಜ್ಜಿ ನನ್ನನ್ನು ನೋಡಿದರು, ಅವನನ್ನು ನೋಡಿದರು, ಸಂಭಾಷಣೆ ಬೇಡ ಎಂಬ ಫಲಕವನ್ನು ಅವನ ಕಡೆ ತೋರಿಸಿ, ಬಿಳಿ ಹಲಗೆಯೊಂದನ್ನು ಕೈಗಿತ್ತರು. ಅವನು ಅರೆಮನಸ್ಸಿನಿಂದ ಹಲಗೆ ಹಿಡಿದು, ಎರಡನೆಯ ಮುಚ್ಚಳ ಎತ್ತಿ, ಮೇಣದಬತ್ತಿಯ ಕೋಲಿನ ವಿಚಾರ ಓದಿದ. ಹುಬ್ಬು ಗಂಟಿಕ್ಕಿತು. ಆಮೇಲೆ ಇಂಗ್ಲಿಷಿನಲ್ಲಿ ಸರಸರನೆ ಬರೆದ: ‘ಕಟ್ಟಡವಿಡೀ ಮರ. ಒಳಗೆ ಬೆಂಕಿ ಹಿಡಿದುಕೊಂಡು ಓಡಾಡಿದರೆ ಇದು ಇನ್ನೂ ಹೇಗೆ ಉಳಿದಿದೆ?’

ಅದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿಗೆ ಅರ್ಥ ತಿಳಿಸಲು ನಾನು ಮುಂದೆ ಹೋದೆ, ಜಪಾನಿಯಲ್ಲಿ ಬರೆದು ತೋರಿಸಿದೆ. ಅವರು ಎರಡು ಸಲ ಓದಿದರು. ಕೊರಳಿನ ಕೀಲಿಯನ್ನು ಬೆನ್ನ ಹಿಂದಕ್ಕೆ ಸರಿಸಿ, ಚೌಕದೊಳಗೆ ಮಂಡಿ ಮಡಚಿ ಕೂತು, ಪೆನ್ನಿನ ಮುಚ್ಚಳ ತೆಗೆದರು.